ಗುಡ್ಡದ ಹೊಲದ ಚಿನ್ನದ ಗುಂಡಿಗಳು: ಒಂದು ಭೂವಿಜ್ಞಾನ ಸಲಹಾ ಸೇವೆಯ ವಿಮರ್ಶೆ

ತರೀಕೆರೆ, ಅಜ್ಜಂಪುರಗಳ ಕಡೆ ಹೊಲದಲ್ಲಿ ಚಿನ್ನದ ಗುಂಡಿಗಳಿವೆ ಎಂಬ ಮಾತನ್ನು ಅಜ್ಜನ ಬಾಯಿಂದ ಕೇಳಿಕೊಂಡೇ ಬೆಳೆದ ಮನೆಗಳು ಹಲವಿವೆ. ನಮ್ಮದೂ ಅವುಗಳಲ್ಲಿ ಒಂದು. ಕಳೆದ ವರ್ಷ ಅಣ್ಣ, ನಾನು, ತಂಗಿ ಮೂವರೂ ಪಾಲು ಮಾಡಿಕೊಳ್ಳಲು ಕುಳಿತಾಗ ಊರಾಚೆಯ ಗುಡ್ಡದ ಮೂರೂವರೆ ಎಕರೆಯ ಹತ್ತಿರ ಬಂದು ಮಾತು ನಿಂತುಬಿಟ್ಟಿತು. ಈರುಳ್ಳಿ ಹಾಕುವ ಕೆಳಗಿನ ಹೊಲಕ್ಕೆ ಬೆಲೆ ಕಟ್ಟಬಹುದು, ತೆಂಗಿನ ತೋಟಕ್ಕೂ ಕಟ್ಟಬಹುದು; ಕಲ್ಲು, ಮುಳ್ಳುಪೊದೆ ಮತ್ತು ಒಂಬತ್ತು ಹಳೆಯ ಗುಂಡಿಗಳನ್ನು ಬಿಟ್ಟರೆ ಮತ್ತೇನೂ ಇಲ್ಲದ ಗುಡ್ಡಕ್ಕೆ ಎಷ್ಟೆಂದು ಕಟ್ಟುವುದು? ಆ ಒಂದು ಹೊಲ ಸಿಕ್ಕರೆ ಬೇರೇನೂ ಬೇಡ ಎಂದು ಅಣ್ಣ ಹಟ ಹಿಡಿದರು. ಅಲ್ಲಿ ಚಿನ್ನವಿರುವುದೇ ನಿಜವಾದರೆ ಅದು ಮೂವರಿಗೂ ಸೇರಬೇಕು ಎಂದು ತಂಗಿ ಹೇಳಿದಳು. ಅದೇ ಹೊತ್ತಿಗೆ ಹೊಳೆಯುವ ಹಳದಿ ಕಲ್ಲಿನ ಫೋಟೋ ಹಿಡಿದುಕೊಂಡು ಒಬ್ಬ ದಲ್ಲಾಳಿಯೂ ಬಂದು, ಕರಾರು ಬರೆದುಕೊಟ್ಟರೆ ಮುಂಗಡ ಕೊಡುತ್ತೇನೆ ಎಂದು ಅಣ್ಣನ ಕಿವಿಯಲ್ಲಿ ಹಾಕಿ ಹೋಗಿದ್ದ. "ಮಣ್ಣಿನ ಆಸೆಗೆ ಒಡಹುಟ್ಟಿದವರು ಮಾತು ಬಿಡಬೇಡಿ, ತಿಳಿದವರನ್ನು ಕರೆಸಿ ಕೇಳಿ" ಎಂದು ಅಮ್ಮ ಹೇಳಿದ ಮೇಲೆ, ನಿವೃತ್ತ ಭೂವಿಜ್ಞಾನಿಯೊಬ್ಬರು ಮತ್ತು ಅವರ ಕಿರಿಯ ಸಹಾಯಕಿ ಸೇರಿ ನಡೆಸುವ ಸಲಹಾ ಕಚೇರಿಯೊಂದನ್ನು ನಾವು ಸಂಪರ್ಕಿಸಿದೆವು. ಈ ಬರಹ ಅವರ ಕೆಲಸದ ವಿಮರ್ಶೆ. ಮೆಚ್ಚುಗೆಯ ಜೊತೆಗೆ ಲೋಪಗಳನ್ನೂ ಹೇಳಬೇಕಾಗಿದೆ, ಅವರದೋ ಇಬ್ಬರೇ ದುಡಿಯುವ ಸಣ್ಣ ಕಚೇರಿ; ಆದ್ದರಿಂದ ಹೆಸರನ್ನು ಬರೆಯುತ್ತಿಲ್ಲ. ಇಂಥ ಸೇವೆಯಿಂದ ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬುದು ಓದುಗರಿಗೆ ತಿಳಿದರೆ ನನಗೆ ಸಾಕು.

ಮೊದಲ ಭೇಟಿಯಲ್ಲಿ ಅವರು ಹಣದ ಮಾತಿಗಿಂತ ಮುಂಚೆ ಕಾಯ್ದೆಯ ಮಾತನ್ನು ಎತ್ತಿದರು. ಪಾಣಿಯಲ್ಲಿ ನಮ್ಮ ಹೆಸರಿದ್ದ ಮಾತ್ರಕ್ಕೆ ನೆಲದಡಿಯ ಚಿನ್ನ ನಮ್ಮದಾಗುವುದಿಲ್ಲ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 70ನೇ ಕಲಮಿನ ಪ್ರಕಾರ ಗಣಿ ಮತ್ತು ಖನಿಜಗಳ ಹಕ್ಕು ರಾಜ್ಯ ಸರ್ಕಾರದ್ದು. 1957ರ ಗಣಿ ಮತ್ತು ಖನಿಜಗಳ ಕಾಯ್ದೆಯ 4ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಖನಿಜ ಶೋಧ ಕಾರ್ಯಾಚರಣೆಯನ್ನೇ ಕೈಗೊಳ್ಳುವಂತಿಲ್ಲ. 2015ರ ತಿದ್ದುಪಡಿಯ ನಂತರ ಚಿನ್ನದಂಥ ಖನಿಜದ ಗಣಿ ಗುತ್ತಿಗೆ ಹರಾಜಿನ ಮೂಲಕವೇ ಹೋಗಬೇಕು. 2023ರ ತಿದ್ದುಪಡಿಯಲ್ಲಿ ಚಿನ್ನವೂ ಸೇರಿದಂತೆ 29 ಖನಿಜಗಳಿಗೆ ಪ್ರತ್ಯೇಕ ಅನ್ವೇಷಣಾ ಪರವಾನಗಿ ಬಂದಿದೆ, ಅದೂ ಹರಾಜಿನಲ್ಲೇ. ದಲ್ಲಾಳಿ ಬರೆಸಿಕೊಳ್ಳಬೇಕೆಂದಿದ್ದ ಕರಾರು ಇವುಗಳಲ್ಲಿ ಯಾವುದಕ್ಕೂ ಸಂಬಂಧವಿಲ್ಲದ ಬರಿಯ ಕಾಗದ ಎಂಬುದು ಅಲ್ಲಿಗೇ ತಿಳಿಯಿತು. "ಯಜಮಾನರೆ, ನಿಮ್ಮ ಹೊಲದಲ್ಲಿ ನಾನು ಒಂದು ಮೊಳ ಚರಂಡಿಯನ್ನೂ ತೋಡುವುದಿಲ್ಲ, ಕೊಳವೆಯನ್ನೂ ಇಳಿಸುವುದಿಲ್ಲ. ನೋಡುತ್ತೇನೆ, ನಕ್ಷೆ ಬರೆಯುತ್ತೇನೆ, ಮೇಲೆ ಬಿದ್ದಿರುವ ನಾಲ್ಕಾರು ಕಲ್ಲು ಯಾವುವೆಂದು ಗುರುತಿಸುತ್ತೇನೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ನೀವು ಒಂದು ಪತ್ರ ಕೊಟ್ಟ ಮೇಲೆಯೇ ಇಷ್ಟನ್ನೂ ಮಾಡುವುದು" ಎಂದು ಅಣ್ಣನ ಮುಖ ನೋಡಿಯೇ ಹೇಳಿದರು. ಅಣ್ಣನಿಗೆ ಆಗ ಸಿಟ್ಟು ಬಂದಿತ್ತು. ಕೆಲಸ ಸಿಕ್ಕಿದರೆ ಸಾಕೆಂದು ಕಾಯ್ದೆಯನ್ನು ಮರೆಮಾಚುವವರಿಗೂ ಇವರಿಗೂ ಇರುವ ಅಂತರ ನನಗೆ ಅಲ್ಲಿಯೇ ಕಂಡಿತು. ಇಂಥ ಕೆಲಸ ಮಾಡಿಸಬೇಕೆನ್ನುವವರು ಮೊದಲ ಮಾತಿನಲ್ಲಿ ಇದನ್ನೇ ಗಮನಿಸಬೇಕೆಂದು ನನ್ನ ಸಲಹೆ.

ಹೊಲಕ್ಕೆ ಕಾಲಿಡುವ ಮುನ್ನ ಅವರು ಹದಿನೈದು ದಿನ ಕಡತ, ನಕ್ಷೆಗಳನ್ನು ಓದಿದರು. ಇದಕ್ಕೂ ಶುಲ್ಕವೇ ಎಂದು ಮೊದಲು ಅನಿಸಿದ್ದು ನಿಜ. ಈಗ ಯೋಚಿಸಿದರೆ ಕೊಟ್ಟ ಹಣಕ್ಕೆ ಅತಿ ಹೆಚ್ಚಿನ ಫಲ ಬಂದದ್ದು ಈ ಭಾಗದಿಂದಲೇ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ಆರಂಭವಾದಂದಿನಿಂದ ಆ ಇಲಾಖೆಯವರು ಸಂಸ್ಥಾನದ ಹಳೆಯ ಗುಂಡಿಗಳನ್ನು ಊರೂರು ಅಲೆದು ದಾಖಲಿಸುತ್ತ ಬಂದಿದ್ದಾರೆ. ಅದಕ್ಕೂ ಮುಂಚೆ, 1880ರ ದಶಕದಲ್ಲಿ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಸಂಸ್ಥಾನದ ಚಿನ್ನದ ಸೀಮೆಗಳನ್ನು ಸುತ್ತಿದವರು. ಆ ಸೀಮೆಗಳಲ್ಲಿ ಕಾಣುವ, ಪದರು ಪದರಾಗಿ ಸೀಳುವ ಪದರುಶಿಲೆಗಳಿಗೆ ಧಾರವಾಡದ ಹೆಸರು ಕೊಟ್ಟವರೂ ಅವರೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನಕ್ಷೆಗಳು ಇಂದು ಅವರ ಭೂಕೋಶ್ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತವೆ ಎಂಬುದು ನಮಗೆ ತಿಳಿದೇ ಇರಲಿಲ್ಲ. ಸಹಾಯಕಿ ತಮ್ಮ ಲ್ಯಾಪ್‌ಟಾಪಿನಲ್ಲಿ ಆ ನಕ್ಷೆಯನ್ನು ತೆರೆದು, ನಮ್ಮ ಸರ್ವೆ ನಂಬರಿನ ಗಡಿಯನ್ನು ಅದರ ಮೇಲೆ ಕೂರಿಸಿ, ಹಸಿರು ಬಣ್ಣದ ಒಂದು ತೆಳು ಪಟ್ಟಿ ಗುಡ್ಡದ ನೆತ್ತಿಯ ಮೇಲೆ ಹಾದುಹೋಗುವುದನ್ನು ತೋರಿಸಿದಾಗ ಅಮ್ಮನೂ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

ಆ ಹಸಿರು ಪಟ್ಟಿಯ ಅರ್ಥವನ್ನು ಅವರು ಬಿಡಿಸಿ ಹೇಳಿದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಉಳಿದ ಕೆಲಸವೆಲ್ಲ ನಿಂತಿರುವುದು ಅದರ ಮೇಲೆ. ನಕ್ಷೆಯ ಆ ಹಸಿರು ಪದರುಶಿಲೆಯ ಗುರುತು. ಕರ್ನಾಟಕದ ಚಿನ್ನವೆಲ್ಲ ಹೆಚ್ಚಾಗಿ ಈ ಪದರುಶಿಲೆಗಳ ಉದ್ದುದ್ದ ಪಟ್ಟಿಗಳಲ್ಲೇ ಇದೆ, ಸುತ್ತಲಿನ ಗ್ರಾನೈಟ್ ಜಾತಿಯ ಬಿಳಿಗಲ್ಲಿನ ನೆಲದಲ್ಲಿ ಅಪರೂಪ. ಕೋಲಾರ, ಹಟ್ಟಿ, ಗದಗ ಎಲ್ಲವೂ ಇಂಥ ಪಟ್ಟಿಗಳ ಮೇಲಿನ ಊರುಗಳೇ. ಪಕ್ಕದ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯಲ್ಲಿ ಬೈರಾಪುರದ ಕ್ರೋಮೈಟ್ ಗಣಿಯೂ ಇದೆ, ಕೆಂಪಿನಕೋಟೆಯ ಹಳೆಯ ಚಿನ್ನದ ಗುಂಡಿಗಳೂ ಇವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಈ ಶಿಲೆಗಳು ಮಡಿಚಿ, ಒಂದರ ಮೇಲೊಂದು ಜಾರಿ ಸೀಳಿದಾಗ, ಆಳದಿಂದ ಬಿಸಿನೀರು ಆ ಸೀಳುಗಳಲ್ಲಿ ಏರಿ ಬಂದು, ತಾನು ಕರಗಿಸಿ ತಂದ ಸಿಲಿಕವನ್ನು ಬೆಣಚುಕಲ್ಲಾಗಿ ಬಿಟ್ಟುಹೋಯಿತು. ಅದರ ಜೊತೆಗೆ ಅತ್ಯಲ್ಪ ಚಿನ್ನವೂ ಉಳಿಯಿತು. ಹಾಗೆಂದು ಬೆಣಚುಕಲ್ಲು ಕಂಡಲ್ಲೆಲ್ಲ ಚಿನ್ನವಿಲ್ಲ. ಸೀಳು ಎಲ್ಲಿ ಬಾಗಿತು, ಎಲ್ಲಿ ಕವಲಾಯಿತು, ಪಕ್ಕದ ಶಿಲೆಯಲ್ಲಿ ಕಬ್ಬಿಣ ಎಷ್ಟಿತ್ತು ಎಂಬುದರ ಮೇಲೆ ಚಿನ್ನ ಇಳಿಯುವುದೋ ಬಿಡುವುದೋ ನಿರ್ಧಾರವಾಗುತ್ತದೆ. ಹಳಬರು ಇದನ್ನು ಪುಸ್ತಕದಿಂದ ಕಲಿಯಲಿಲ್ಲ, ಹಳ್ಳದ ಮರಳನ್ನು ತೊಳೆಯುತ್ತ ತೊಳೆಯುತ್ತ ಮೇಲಕ್ಕೆ ಬಂದು, ಚಿನ್ನದ ಕಣ ಎಲ್ಲಿ ನಿಲ್ಲುತ್ತದೋ ಅಲ್ಲಿ ಗುಡ್ಡಕ್ಕೆ ತಿರುಗಿದರು. ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದ ಆ ಜನರಿಗೆ ಜಲಗಾರರು ಎಂಬ ಹೆಸರಿತ್ತು. ನಮ್ಮಜ್ಜ ಆ ಗುಂಡಿಗಳನ್ನು ಜಲಗಾರರ ಗುಂಡಿ ಎಂದೇ ಕರೆಯುತ್ತಿದ್ದರು. ಆ ಮಾತಿನ ಹಿಂದೆ ಒಂದು ಕಸುಬೇ ಇತ್ತೆಂದು ನನಗೆ ಗೊತ್ತಾದದ್ದು ಅಂದು.

ಮಾಘ ಮಾಸದ ಎರಡು ದಿನ ಅವರು ಗುಡ್ಡದ ಮೇಲಿದ್ದರು. ಬೆಳಿಗ್ಗೆ ಏಳಕ್ಕೆ ಬಂದು ಹೊತ್ತು ಮುಳುಗುವವರೆಗೆ ನಡೆದರು. ಅರವತ್ತು ದಾಟಿದ ಆ ಮನುಷ್ಯ ಮುಳ್ಳುಪೊದೆಯಲ್ಲಿ ನುಸುಳಿ ಪ್ರತಿಯೊಂದು ಗುಂಡಿಯ ಬಾಯಿಯನ್ನು ಟೇಪಿನಿಂದ ಅಳೆದದ್ದನ್ನು ಕಂಡು ನನಗೆ ಗೌರವ ಮೂಡಿತು. ಮಧ್ಯಾಹ್ನದ ಹೊತ್ತಿಗೆ ಸಹಾಯಕಿ ಒಂಬತ್ತೂ ಗುಂಡಿಗಳನ್ನು ಜಿಪಿಎಸ್‌ನಿಂದ ಗುರುತಿಸಿ ನಕ್ಷೆಯಲ್ಲಿ ಚುಕ್ಕೆ ಹಾಕಿದರು. ಏಳು ಚುಕ್ಕೆಗಳು ದಾರ ಹಿಡಿದಂತೆ ಒಂದೇ ಗೆರೆಯಲ್ಲಿ, ಉತ್ತರದಿಂದ ತುಸು ಪಶ್ಚಿಮಕ್ಕೆ ವಾಲಿ ನಿಂತಿದ್ದವು. ಪದರುಶಿಲೆಗಳ ಓಟವೂ ಅದೇ ದಿಕ್ಕಿಗೆ. ಉಳಿದ ಎರಡು ಗುಂಡಿಗಳು ಗೆರೆಯಿಂದ ಬಹು ದೂರ, ಅವುಗಳ ದಂಡೆಯಲ್ಲಿ ಒಡೆದ ಕಲ್ಲಿನ ಗುಡ್ಡೆಯೇ ಇರಲಿಲ್ಲ. ಅವು ಗಣಿಗಳಲ್ಲ, ಯಾವುದೋ ಕಾಲದಲ್ಲಿ ಮನೆಗೋ ಕಟ್ಟೆಗೋ ಮಣ್ಣು ತೆಗೆದ ಗುಂಡಿಗಳು ಎಂದರು. ನಮ್ಮ ಮನೆತನದ ಒಂಬತ್ತು ಚಿನ್ನದ ಗುಂಡಿಗಳು ಅಲ್ಲಿಗೆ ಏಳಾದವು.

ಮೂರನೆಯ ಗುಂಡಿಯ ಬಾಯಿಯಲ್ಲಿ ಅವರು ನಮ್ಮನ್ನೆಲ್ಲ ಕೂರಿಸಿಕೊಂಡು ತೋರಿಸಿದ್ದು ನನ್ನ ಕಣ್ಣಿನಲ್ಲಿ ಇನ್ನೂ ಇದೆ. ಗುಂಡಿಯ ಒಳಗೋಡೆ ಉಳಿಯಿಂದ ಕಡಿದಂತೆ ಇರಲಿಲ್ಲ. ಬಾಣಲೆಯ ಒಳಮೈಯಂತೆ ನುಣ್ಣಗೆ, ಡೊಗರು ಡೊಗರಾಗಿ, ಅಲ್ಲಲ್ಲಿ ಇಟ್ಟಿಗೆಯಂತೆ ಕೆಂಪಗೆ ಇತ್ತು. ಬಂಡೆಗೆ ಸೌದೆ ಒಟ್ಟಿ ಬೆಂಕಿ ಹಾಕಿ, ಕಾದ ಬಂಡೆಯ ಮೇಲೆ ನೀರು ಎರಚಿ, ಸೀಳಿದ ಚೂರುಗಳನ್ನು ಸುತ್ತಿಗೆಯಿಂದ ಬಿಡಿಸುವ ಹಳೆಯ ಪದ್ಧತಿಯ ಗುರುತು ಅದು. ಸಿಡಿಮದ್ದು ಇಲ್ಲದ ಕಾಲದಲ್ಲಿ ಈ ರೀತಿಯಲ್ಲೇ ಹಟ್ಟಿಯಲ್ಲಿ 600 ಅಡಿಗೂ ಆಳಕ್ಕೆ ಇಳಿದಿದ್ದರು. ಅಲ್ಲಿನ ಹಳೆಯ ಗಣಿಯೊಳಗೆ ಸಿಕ್ಕ ಮರದ ತುಂಡುಗಳ ಇಂಗಾಲ ಪರೀಕ್ಷೆ ಸುಮಾರು ಎರಡು ಸಾವಿರ ವರ್ಷಗಳ ಹಿಂದಕ್ಕೆ ಹೋಗುತ್ತದೆ. ನಮ್ಮ ಗುಂಡಿಗಳು ಅಷ್ಟು ಹಳೆಯವೆಂದು ಅವರು ಹೇಳಲಿಲ್ಲ, ಕೇಳಿದಾಗಲೂ ಹೇಳಲಿಲ್ಲ. ಸ್ವಲ್ಪ ಕೆಳಗೆ, ಹಾಸುಬಂಡೆಯ ಮೇಲೆ, ಬೊಗಸೆಯಷ್ಟು ಅಗಲದ ಹನ್ನೊಂದು ಕುಳಿಗಳಿದ್ದವು. ಚಿಕ್ಕಂದಿನಲ್ಲಿ ಮಳೆನೀರು ನಿಂತ ಆ ಕುಳಿಗಳಲ್ಲಿ ನಾವು ಎಲೆ ತೇಲಿಬಿಟ್ಟು ಆಡಿದ್ದೆವು. ಅದಿರನ್ನು ಒರಳಿಗೆ ಹಾಕಿ ಕುಟ್ಟಿದಂತೆ ಕುಟ್ಟಿ ಪುಡಿ ಮಾಡುತ್ತಿದ್ದ ಜಾಗ ಅದು ಎಂದಾಗ ತಂಗಿ ಒಂದು ಕುಳಿಯೊಳಗೆ ಕೈ ಇಟ್ಟು, ಅದರ ನುಣುಪನ್ನು ಬೆರಳಿನಿಂದ ಸವರುತ್ತ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು.

ದಲ್ಲಾಳಿಯ ಫೋಟೋದಲ್ಲಿದ್ದಂಥ ಹೊಳಪಿನ ಕಲ್ಲನ್ನು ಅಣ್ಣ ತಾವೇ ಹುಡುಕಿ ತಂದರು. ಭೂವಿಜ್ಞಾನಿಗಳು ಅದನ್ನು ತಳ್ಳಿಹಾಕಲಿಲ್ಲ. ಭೂತಗನ್ನಡಿಯನ್ನು ಅಣ್ಣನ ಕೈಗೇ ಕೊಟ್ಟು, ಕಣ್ಣಿಗೆ ಹತ್ತಿರ ಹಿಡಿದು ನೋಡಲು ಹೇಳಿದರು. ಹೊಳೆಯುತ್ತಿದ್ದುದು ಪುಟ್ಟ ಪುಟ್ಟ ಚೌಕಗಳು, ಪ್ರತಿ ಚೌಕದ ಮುಖದ ಮೇಲೆ ಸಣ್ಣ ಗೀರುಗಳು: ಅದು ಪೈರೈಟ್, ಕಬ್ಬಿಣ ಮತ್ತು ಗಂಧಕದ ಖನಿಜ. ಚಾಕುವಿನ ತುದಿಯಿಂದ ಒತ್ತಿದಾಗ ಅದು ಕಪ್ಪು ಪುಡಿಯಾಗಿ ಉದುರಿತು. ಚಿನ್ನವಾಗಿದ್ದರೆ ಉದುರದೆ ತಗ್ಗು ಬೀಳುತ್ತಿತ್ತು. ಇನ್ನೊಂದು ಕಲ್ಲಿನ ಹೊಳಪು ಉಗುರಿಗೇ ಪದರಾಗಿ ಎದ್ದು ಬಂತು, ಅದು ನಾವೆಲ್ಲ ಬಲ್ಲ ಕಾಗೆಬಂಗಾರ. ಆದರೆ ಅವರು ಹೆಚ್ಚು ಬೆಲೆ ಕೊಟ್ಟದ್ದು ಹೊಳಪೇ ಇಲ್ಲದ ಒಂದು ಕೊಳಕು ಕಲ್ಲಿಗೆ. ಅದು ತುಕ್ಕು ಬಣ್ಣದ ಚೌಕಾಕಾರದ ಗೂಡುಗಳಿಂದ ತುಂಬಿದ ಬೆಣಚುಕಲ್ಲು. ಗೂಡಿನಲ್ಲಿದ್ದ ಪೈರೈಟ್ ಮಳೆಗಾಳಿಗೆ ಕರಗಿಹೋಗಿ ತುಕ್ಕು ಮಾತ್ರ ಉಳಿದಿತ್ತು. ಪೈರೈಟಿನ ಜೊತೆ ಚಿನ್ನ ಇದ್ದಿದ್ದರೆ ಅದು ಕರಗುವುದಿಲ್ಲ, ಆ ತುಕ್ಕಿನಲ್ಲೇ ಉಳಿಯುತ್ತದೆ ಎಂದು ಹೇಳಿ, ಅಂಥ ಕಲ್ಲನ್ನು ಎರಡು ಹೋಳು ಮಾಡಿ ಚೀಲಕ್ಕೆ ಹಾಕಿಕೊಂಡರು. ಗುಂಡಿಯ ಕೆಳಗಿನ ಸರುವಿನ ಮಣ್ಣನ್ನು ಸಹಾಯಕಿ ನಮ್ಮ ಮನೆಯ ಹಳೆಯ ಮರಿಗೆಯಲ್ಲಿ ಹಾಕಿ, ಅಕ್ಕಿ ಗಾಳಿಸುವಂತೆ ನೀರಿನಲ್ಲಿ ಆಡಿಸಿ ಆಡಿಸಿ, ಕೊನೆಗೆ ಕಪ್ಪು ಮರಳಿನ ಒಂದು ಎಳೆಯನ್ನಷ್ಟೇ ಉಳಿಸಿದರು. ಚಿನ್ನ ಕಾಣಲಿಲ್ಲ. ಅಮ್ಮನಿಗೆ ಆ ಹುಡುಗಿಯ ಕೈಚಳಕವೇ ಇಷ್ಟವಾಯಿತು.

ಇನ್ನು ಪ್ರಯೋಗಾಲಯದ ವಿಷಯ. ಹೊಲದಿಂದ ಏಳು ಮಾದರಿಗಳನ್ನು ಆರಿಸಿ, ಅವುಗಳ ನಡುವೆ ಚಿನ್ನವಿರಲು ಸಾಧ್ಯವೇ ಇಲ್ಲದ ಕ್ರಷರ್ ಜಲ್ಲಿಯ ಒಂದು ಚೀಲವನ್ನೂ ಸೇರಿಸಿ, ಎಂಟಕ್ಕೂ ಬರಿಯ ಸಂಖ್ಯೆ ಹಾಕಿ ಬೆಂಗಳೂರಿನ ಖಾಸಗಿ ಪ್ರಯೋಗಾಲಯವೊಂದಕ್ಕೆ ಕಳಿಸಿದರು. ಜಲ್ಲಿಗೂ ಪರೀಕ್ಷಾ ಶುಲ್ಕ ಕೊಡಬೇಕೇ ಎಂದು ನಾನೇ ಕೇಳಿದ್ದೆ. ಅದರ ಉತ್ತರ ಫಲಿತಾಂಶ ಬಂದ ದಿನ ಸಿಕ್ಕಿತು. ಐದನೆಯ ಸಂಖ್ಯೆಯ ತುಕ್ಕುಗೂಡಿನ ಕಲ್ಲಿನಲ್ಲಿ ಏನೂ ಇಲ್ಲ, ಆರನೆಯ ಸಂಖ್ಯೆಯ ಜಲ್ಲಿಯಲ್ಲಿ ಟನ್ನಿಗೆ 2.3 ಗ್ರಾಂ ಚಿನ್ನ ಎಂದು ಅದರಲ್ಲಿ ಬರೆದಿತ್ತು! ಚೀಟಿಗಳು ಅದಲುಬದಲಾಗಿದ್ದವು. ಚೀಟಿ ಬದಲಾದದ್ದು ಪ್ರಯೋಗಾಲಯದಲ್ಲೋ ಇವರ ಕಚೇರಿಯಲ್ಲೋ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ, ಮತ್ತು ಹದಿನೈದು ದಿನಕ್ಕೆ ಬರಬೇಕಾದ ಫಲಿತಾಂಶ ಮೂವತ್ತೇಳು ದಿನ ತೆಗೆದುಕೊಂಡದ್ದು ನನಗೆ ಸರಿಬರಲಿಲ್ಲ. ಆದರೆ ಅವರು ತಪ್ಪನ್ನು ಮುಚ್ಚಿಡಲಿಲ್ಲ. ಆ ದಿನವೇ ಫೋನು ಮಾಡಿ ವಿಷಯ ತಿಳಿಸಿ, ಮರುಪರೀಕ್ಷೆಯ ಖರ್ಚನ್ನು ತಾವೇ ಹೊತ್ತು, ಬೇಕಾದರೆ ನೀವೂ ಬಂದು ನೋಡಿ ಎಂದರು. ಜಲ್ಲಿಯ ಚೀಲ ಇಲ್ಲದಿದ್ದರೆ ಈ ತಪ್ಪು ಯಾರಿಗೂ ತಿಳಿಯದೆ, ನಮ್ಮ ಪಾಲುಪಟ್ಟಿಯೇ ಸುಳ್ಳು ಅಂಕಿಯ ಮೇಲೆ ನಿಲ್ಲುತ್ತಿತ್ತು.

ಮರುಪರೀಕ್ಷೆಯ ದಿನ ನಾನು ಹೋಗಿದ್ದೆ. ಚಿನ್ನದ ಅದಿರನ್ನು ಪರೀಕ್ಷಿಸುವ ಕ್ರಮ ಅಕ್ಕಸಾಲಿಯ ಕುಲುಮೆಯ ನೆನಪು ತರುತ್ತದೆ. ಕಲ್ಲನ್ನು ಮೈದಾ ಹಿಟ್ಟಿಗಿಂತ ನುಣ್ಣಗೆ ಪುಡಿ ಮಾಡಿ, ಅದರಲ್ಲಿ 30 ಗ್ರಾಂ ತೂಗಿ, ಸೀಸದ ಆಕ್ಸೈಡ್, ಸೋಡಾ, ಬಿಳಿಗಾರ ಮತ್ತು ಸ್ವಲ್ಪ ಹಿಟ್ಟು ಬೆರೆಸಿ, ಮಣ್ಣಿನ ಮೂಸೆಯಲ್ಲಿ ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಕರಗಿಸುತ್ತಾರೆ. ಹಿಟ್ಟು ಸುಟ್ಟು ಆಕ್ಸೈಡಿನಿಂದ ಸೀಸವನ್ನು ಬಿಡಿಸುತ್ತದೆ. ಆ ಸೀಸದ ಹನಿಗಳು ಕಲ್ಲಿನ ರಸದ ಮೂಲಕ ಮಳೆಯಂತೆ ಇಳಿಯುತ್ತ ಚಿನ್ನವನ್ನೆಲ್ಲ ಹೀರಿಕೊಂಡು ತಳದಲ್ಲಿ ಗುಂಡಾಗಿ ಕೂಡುತ್ತವೆ. ಆ ಗುಂಡನ್ನು ಮೂಳೆಬೂದಿಯ ಪುಟ್ಟ ಬಟ್ಟಲಲ್ಲಿ ಇಟ್ಟು ಮತ್ತೆ ಕಾಯಿಸಿದರೆ ಸೀಸವನ್ನು ಬಟ್ಟಲು ಕುಡಿದುಬಿಡುತ್ತದೆ, ಕೊನೆಗೆ ರಾಗಿಕಾಳಿಗಿಂತ ಸಣ್ಣದೊಂದು ಬೆಳ್ಳಗಿನ ಮಣಿ ಉಳಿಯುತ್ತದೆ. ಅದು ಬಹುಪಾಲು ಮೊದಲೇ ಸೇರಿಸಿದ ಬೆಳ್ಳಿ. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕರಗಿದ ಮೇಲೆ ಉಳಿಯುವುದು ಚಿನ್ನ. ಟನ್ನಿಗೆ 2 ಗ್ರಾಂ ಇರುವ ಕಲ್ಲಾದರೆ ಆ 30 ಗ್ರಾಂ ಪುಡಿಯಲ್ಲಿರುವ ಚಿನ್ನ ಒಂದು ಮಿಲಿಗ್ರಾಮಿನ ಹದಿನೇಳನೆಯ ಒಂದು ಭಾಗಕ್ಕೂ ಹತ್ತಿರ. ಕಣ್ಣಿಗೆ ಅದು ಕಾಣುವುದೂ ಕಷ್ಟ, ಮತ್ತೆ ಕರಗಿಸಿ ಯಂತ್ರದಲ್ಲೇ ಅಳೆಯುತ್ತಾರೆ. ಇಷ್ಟು ಸೂಕ್ಷ್ಮದ ಕೆಲಸದಲ್ಲಿ ಒಂದು ಚೀಟಿಯ ತಪ್ಪು ಎಷ್ಟು ದೊಡ್ಡದು ಎಂಬುದು ಅಲ್ಲಿ ನಿಂತಾಗ ಮನದಟ್ಟಾಯಿತು.

ಈ ಸಲ ಜಲ್ಲಿಯಲ್ಲಿ ಏನೂ ಬರಲಿಲ್ಲ, ತುಕ್ಕುಗೂಡಿನ ಕಲ್ಲಿನಲ್ಲಿ 2.1 ಗ್ರಾಂ ಬಂತು. ಅದೇ ಕಲ್ಲಿನ ಇನ್ನೊಂದು ಹೋಳಿನಲ್ಲಿ ಬಂದದ್ದು 0.6 ಗ್ರಾಂ ಮಾತ್ರ. ಉಳಿದ ಆರು ಮಾದರಿಗಳಲ್ಲಿ ಒಂದು 0.3, ಮಿಕ್ಕ ಐದೂ 0.1ಕ್ಕಿಂತ ಕಡಿಮೆ. ಒಂದೇ ಕಲ್ಲಿನ ಎರಡು ಹೋಳುಗಳು ಹೀಗೆ ಬೇರೆ ಬೇರೆ ಹೇಳುವುದೇಕೆ ಎಂದು ಅಣ್ಣ ಕೇಳಿದರು. ಚಿನ್ನ ಉಪ್ಪಿನಂತೆ ಸಮನಾಗಿ ಬೆರೆತಿರುವುದಿಲ್ಲ, ಒಗ್ಗರಣೆಯ ಸಾಸಿವೆಯಂತೆ ಅಲ್ಲೊಂದು ಇಲ್ಲೊಂದು ಕಾಳಾಗಿ ಇರುತ್ತದೆ, ಸೌಟಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದು ಅವರು ಕೊಟ್ಟ ಉತ್ತರ ಅಣ್ಣನಿಗೆ ನಾಟಿತು. ಅದಕ್ಕಾಗಿಯೇ ನಿಜವಾದ ಶೋಧದಲ್ಲಿ ಶಿಲೆಗೆ ಅಡ್ಡಲಾಗಿ ಸಮ ಅಂತರದಲ್ಲಿ ನೂರಾರು ಮಾದರಿ ತೆಗೆಯುತ್ತಾರೆ, ಕೊಳವೆ ಇಳಿಸಿ ಆಳದ ಕಲ್ಲಿನ ಕಂಬಗಳನ್ನು ತೆಗೆದು ನೋಡುತ್ತಾರೆ. ಸರ್ಕಾರಿ ಲೆಕ್ಕದಲ್ಲಿ ಶೋಧಕ್ಕೆ ಜಿ4ರಿಂದ ಜಿ1ರವರೆಗೆ ನಾಲ್ಕು ಹಂತಗಳಿವೆ. ನಾವು ಮಾಡಿದ್ದು ಮೊದಲ ಹಂತವಾದ ಜಿ4ರ ಹೊಸ್ತಿಲನ್ನೂ ಮುಟ್ಟುವುದಿಲ್ಲ. ಇನ್ನೊಂದು ಮಾತನ್ನೂ ಅವರು ಒತ್ತಿ ಹೇಳಿದರು: ನಾವು ಆರಿಸಿದ ಕಲ್ಲುಗಳೆಲ್ಲ ಹಳಬರು ಬೇಡವೆಂದು ಹೊರಗೆ ಎಸೆದವು. ಒಳ್ಳೆಯದನ್ನು ಅವರು ಆಗಲೇ ಕುಟ್ಟಿ ತೊಳೆದುಕೊಂಡು ಹೋಗಿದ್ದಾರೆ, ಕೆಳಗೆ ಉಳಿದಿರುವುದು ಎಂಥದು ಎಂಬುದನ್ನು ಎಸೆದ ಕಲ್ಲು ಹೇಳಲಾರದು.

ವರದಿಯ ಬಗ್ಗೆ ನನಗೆ ದೊಡ್ಡ ದೂರು ಒಂದಿದೆ. ನಲವತ್ತೊಂದು ಪುಟದ ಆ ವರದಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಹೊಲ ಕನ್ನಡದ್ದು, ಪಾಣಿ ಕನ್ನಡದ್ದು, ಜಗಳವೂ ಕನ್ನಡದಲ್ಲೇ ನಡೆದದ್ದು; ಅಣ್ಣ, ಅಮ್ಮ ಓದಲಾಗದ ವರದಿಯಿಂದ ಪಾಲಿನ ಮಾತು ಇತ್ಯರ್ಥವಾಗುವುದು ಹೇಗೆ? ಒತ್ತಾಯಿಸಿದ ಮೇಲೆ ನಾಲ್ಕು ಪುಟದ ಕನ್ನಡ ಸಾರಾಂಶ ಬರೆದುಕೊಟ್ಟರು, ಅದಕ್ಕೆ ಎರಡು ಸಾವಿರ ರೂಪಾಯಿ ಹೆಚ್ಚಿಗೆ ತೆಗೆದುಕೊಂಡರು. ಕನ್ನಡದಲ್ಲಿ ಅಷ್ಟು ಚೆನ್ನಾಗಿ ವಿವರಿಸಬಲ್ಲವರು ಮೊದಲೇ ಕನ್ನಡದಲ್ಲಿ ಬರೆಯಬಹುದಿತ್ತು, ಬರೆಯಬೇಕಿತ್ತು. ಆ ನಾಲ್ಕು ಪುಟ ಮಾತ್ರ ಬಹಳ ಬೆಲೆಯುಳ್ಳದ್ದು. ಒಂದು ಘನ ಮೀಟರ್ ಬೆಣಚುಕಲ್ಲು ಸುಮಾರು 2.6 ಟನ್ ತೂಗುತ್ತದೆ; ಮರುಪರೀಕ್ಷೆಯಲ್ಲಿ ಸಿಕ್ಕ ಅತಿ ಹೆಚ್ಚಿನ ಅಂಕಿಯನ್ನೇ ಹಿಡಿದರೂ ಅಷ್ಟು ಕಲ್ಲಿನಲ್ಲಿರುವ ಚಿನ್ನ ಐದೂವರೆ ಗ್ರಾಂ, ಅದನ್ನು ಬಿಡಿಸಲು ಒಡೆಯಬೇಕು, ಅರೆಯಬೇಕು, ಸಯನೈಡಿನಲ್ಲಿ ಕರಗಿಸಬೇಕು ಎಂಬ ಲೆಕ್ಕ ಅದರಲ್ಲಿದೆ. ಅಣ್ಣ ಆ ಸಾಲನ್ನು ಎರಡು ಸಲ ಓದಿ, "ಒಂದು ಉಂಗುರಕ್ಕೆ ಒಂದು ಟ್ರ್ಯಾಕ್ಟರ್ ಕಲ್ಲು" ಎಂದರು. ಇಷ್ಟು ವಿವರಗಳಿಂದ ಈ ಹೊಲದಲ್ಲಿ ಚಿನ್ನದ ನಿಕ್ಷೇಪ ಇದೆ ಎಂದಾಗಲಿ ಇಲ್ಲ ಎಂದಾಗಲಿ ಹೇಳಲು ಬರುವುದಿಲ್ಲ, ಜಮೀನಿನ ಬೆಲೆಗೆ ಖನಿಜದ ಬೆಲೆ ಸೇರಿಸಲು ಯಾವ ಆಧಾರವೂ ಇಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದ್ದಾರೆ. ಹಣ ಕೊಟ್ಟವನಿಗೆ ಹಿತವಾಗುವ ಒಂದು ಸಾಲು ಸೇರಿಸುವುದು ಅವರಿಗೆ ಕಷ್ಟವಿರಲಿಲ್ಲ. ಅವರು ಸೇರಿಸಲಿಲ್ಲ ಎಂಬುದಕ್ಕಾಗಿಯೇ ಈ ಸೇವೆಯನ್ನು ನಾನು ಬೇರೆಯವರಿಗೆ ಧೈರ್ಯವಾಗಿ ಹೇಳುತ್ತೇನೆ.

ನಾವು ಕೇಳದೆಯೇ ಅವರು ಮಾಡಿಕೊಟ್ಟ ಕೆಲಸವೊಂದಿದೆ. ಎರಡು ವರ್ಷದ ಹಿಂದೆ ನಮ್ಮ ಕರುವೊಂದು ನಾಲ್ಕನೆಯ ಗುಂಡಿಗೆ ಬಿದ್ದು ಸತ್ತಿತ್ತು. ಪ್ರತಿ ಗುಂಡಿಯ ಬಾಯಿ ಎಷ್ಟು ಸಡಿಲವಾಗಿದೆ, ಮೇಲಿನಿಂದ ಕಾಣದಂತೆ ಒಳಗೆ ಎಲ್ಲಿ ಪಕ್ಕಕ್ಕೆ ಕೊರೆದಿದ್ದಾರೆ, ಬೇಲಿಯನ್ನು ಅಂಚಿನಿಂದ ಎಷ್ಟು ಅಡಿ ಬಿಟ್ಟು ಹಾಕಬೇಕು ಎಂಬುದನ್ನು ಅವರು ಗುರುತು ಮಾಡಿಕೊಟ್ಟರು. ಹಳೆಯ ಗುಂಡಿಯ ತಳದಲ್ಲಿ ಉಸಿರಾಡುವ ಗಾಳಿ ಇಲ್ಲದಿರಬಹುದು, ಆದ್ದರಿಂದ ಬಿದ್ದ ದನವನ್ನೋ ಹಗ್ಗವನ್ನೋ ತೆಗೆಯಲು ಯಾರೂ ಇಳಿಯಬಾರದು ಎಂದು ಕುರಿ ಕಾಯುವ ಹುಡುಗರನ್ನು ಕರೆದು ಕೂರಿಸಿಕೊಂಡು ಹೇಳಿದರು. ಜೆಸಿಬಿ ತಂದು ಮುಚ್ಚಿಬಿಡೋಣ ಎಂದು ಅಣ್ಣ ಅಂದದ್ದಕ್ಕೆ, ಕುಟ್ಟುಕುಳಿಗಳಿರುವ ಹಾಸುಬಂಡೆಯನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ ಎಂದು ಕೈಮುಗಿದು ಕೇಳಿಕೊಂಡರು.

ಒಟ್ಟು ಖರ್ಚು ಮೂವತ್ತೆಂಟು ಸಾವಿರ ರೂಪಾಯಿ ಆಯಿತು, ಪ್ರಯೋಗಾಲಯದ ಶುಲ್ಕವೂ ಸೇರಿ. ಮೂರು ಪಾಲು ಮಾಡಿ ಕೊಟ್ಟೆವು. ಗುಡ್ಡದ ಹೊಲವನ್ನು ಮಳೆಯಾಶ್ರಿತ ಜಮೀನಿನ ಬೆಲೆಗೇ ಹಿಡಿದು ಅಣ್ಣನ ಪಾಲಿಗೆ ಬರೆದಿದ್ದೇವೆ. ಅದು ಅವರಿಗೆ ಬೇಕಿತ್ತು, ಈಗಲೂ ಬೇಕು. ಕುಟ್ಟುಕುಳಿಗಳ ಬಂಡೆಗೆ ಹೋಗುವ ಕಾಲುದಾರಿ ಮೂವರಿಗೂ ಇರಲಿ ಎಂದು ತಂಗಿ ಕೇಳಿದಳು, ವಿಭಾಗ ಪತ್ರದಲ್ಲಿ ಅದನ್ನೂ ಸೇರಿಸಿದೆವು.

ಇಂಥ ಸೇವೆ ಪಡೆಯಬೇಕೆಂದಿರುವವರು ಪಾಣಿ, ಸರ್ವೆ ಸ್ಕೆಚ್ ಎರಡನ್ನೂ ಜೊತೆಗೆ ಕೊಂಡೊಯ್ದರೆ ಒಂದು ಓಡಾಟ ಉಳಿಯುತ್ತದೆ. ವರದಿ ಕನ್ನಡದಲ್ಲಿ ಬೇಕೆಂಬುದನ್ನು ಶುಲ್ಕ ಮಾತಾಡುವಾಗಲೇ ಬರೆಸಿಕೊಳ್ಳಿ. ಚಿನ್ನವಿಲ್ಲದ ಒಂದು ಮಾದರಿಯನ್ನು ಸೇರಿಸಿ ಕಳಿಸುತ್ತಾರೆಯೇ ಎಂದು ಕೇಳಿ. ಹೊಲದ ಕೆಲಸವನ್ನು ಹುಲ್ಲು ಒಣಗಿದ ಮೇಲೆ, ಸಂಕ್ರಾಂತಿ ಮತ್ತು ಯುಗಾದಿಯ ನಡುವೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಪೊದೆ ಬೆಳೆದು ಗುಂಡಿಯ ಬಾಯಿ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ.